ಚಪ್ಪರ ಇಳಿಸುವ ಮೊದಲೇ ಕಳವಾದ ಮನೆ: ಒಂದು ಪ್ರಕರಣ ಅಧ್ಯಯನ

ಮೈಸೂರಿನ ಪಶ್ಚಿಮ ಭಾಗದ ಬಡಾವಣೆಯೊಂದರಲ್ಲಿ ನಮ್ಮ ಅಕ್ಕ ಭಾವನ ಮನೆಯಿದೆ. 40-60ರ ನಿವೇಶನದಲ್ಲಿ 1998ರಲ್ಲಿ ಅದನ್ನು ಕಟ್ಟಿಸಿದಾಗ ಉಸ್ತುವಾರಿ ನನ್ನದಾಗಿತ್ತು. ನಾನು ಆಗಷ್ಟೇ ಕಟ್ಟಡ ಗುತ್ತಿಗೆಯ ಕೆಲಸಕ್ಕೆ ಇಳಿದಿದ್ದೆ. 2025ರ ಫೆಬ್ರವರಿ 23ರ ಭಾನುವಾರ ರಾತ್ರಿ, ಮನೆಯವರೆಲ್ಲ ಮಗಳ ಬೀಗರ ಔತಣಕ್ಕೆಂದು ಊರಿಗೆ ಹೋಗಿದ್ದಾಗ, ಆ ಮನೆಗೆ ಕಳ್ಳರು ನುಗ್ಗಿದರು. 86 ಗ್ರಾಂ ಚಿನ್ನ, ದೇವರ ಕೋಣೆಯ ಬೆಳ್ಳಿ ಸಾಮಾನು ಮತ್ತು ಮದುವೆಯಲ್ಲಿ ಬಂದ ಮುಯ್ಯಿ ಹಣ ಹೋಯಿತು. ಮುಂಬಾಗಿಲಿಗೆ ಹಾಕಿದ್ದ ಬೀಗ ಮಾತ್ರ ಹಾಕಿದ ಹಾಗೆಯೇ ನೇತಾಡುತ್ತಿತ್ತು.

ಇದು ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗುವಂಥ ಸಾಮಾನ್ಯ ಕಳವು. ಆದರೂ ಇದನ್ನು ವಿವರವಾಗಿ ಬರೆದಿಡಬೇಕೆನಿಸಿದ್ದು ಏಕೆಂದರೆ, ಆ ಮನೆಯನ್ನೇ ಕಳ್ಳರು ಆರಿಸಿಕೊಳ್ಳಲು ಇದ್ದ ಕಾರಣಗಳನ್ನೂ ಅವರು ಒಳಗೆ ಬರಲು ಸಿಕ್ಕ ದಾರಿಯನ್ನೂ ಒಂದೊಂದಾಗಿ ಬಿಡಿಸಿ ನೋಡಿದಾಗ, ಭದ್ರತೆಗೆಂದು ನಾವು ಖರ್ಚು ಮಾಡಿದ ಹಣವೆಲ್ಲ ನೆಂಟರ ಕಣ್ಣು ಬೀಳುವ ಕಡೆ ಹೋಗಿತ್ತೇ ಹೊರತು ಕಳ್ಳನ ಕೈ ಬೀಳುವ ಕಡೆ ಹೋಗಿರಲಿಲ್ಲ ಎಂಬುದು ತಿಳಿಯಿತು. ಆ ತಪ್ಪಿನಲ್ಲಿ ನನ್ನ ಪಾಲು ದೊಡ್ಡದು.

ಮದುವೆ ಮನೆ

ಗುರುವಾರ ಆರತಕ್ಷತೆ, ಶುಕ್ರವಾರ ಮುಹೂರ್ತ, ಭಾನುವಾರ ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಯಲ್ಲಿ ಬೀಗರ ಔತಣ. ಇಷ್ಟನ್ನೂ ದಿನಾಂಕ, ವೇಳೆ, ಸ್ಥಳಗಳ ಸಹಿತ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿ 700 ಪ್ರತಿಗಳನ್ನು ಹಂಚಲಾಗಿತ್ತು. ಗೇಟಿನ ಪಕ್ಕದಲ್ಲಿ ವಧೂವರರ ಭಾವಚಿತ್ರವಿದ್ದ ಫ್ಲೆಕ್ಸ್ ಇತ್ತು. ಒಂದು ಮನೆಗೆ ಕನ್ನ ಹಾಕುವವನಿಗೆ ತಿಳಿದಿರಬೇಕಾದ ಸಂಗತಿಗಳು ಮೂರೇ ಮೂರು: ಒಳಗೆ ಒಡವೆ ಇದೆಯೇ, ಒಳಗೆ ಜನ ಇದ್ದಾರೆಯೇ, ಇಲ್ಲದಿದ್ದರೆ ಎಷ್ಟು ಹೊತ್ತು ಇರುವುದಿಲ್ಲ. ಮೊದಲನೆಯದನ್ನು ಚಪ್ಪರ ಹೇಳುತ್ತಿತ್ತು, ಉಳಿದೆರಡನ್ನು ಪತ್ರಿಕೆ ಹೇಳುತ್ತಿತ್ತು. ಔತಣಕ್ಕೆ ಸಕುಟುಂಬ ಸಪರಿವಾರವಾಗಿ ಬನ್ನಿರೆಂದು ಕರೆಯುವಾಗ, ಆ ದಿನ ನಮ್ಮ ಮನೆಯಲ್ಲಿ ಯಾರೂ ಇರುವುದಿಲ್ಲವೆಂದು ಸಾರಿದಂತೆಯೂ ಆಗುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಒಡವೆ ಮನೆಯಲ್ಲಿ ಉಳಿಯಲು ಕಾರಣವಾದದ್ದು ಕ್ಯಾಲೆಂಡರು. ಅಕ್ಕನಿಗೆ ಬ್ಯಾಂಕಿನಲ್ಲಿ ಲಾಕರ್ ಇದೆ. ಮುಹೂರ್ತದ ದಿನ ಛತ್ರ ಖಾಲಿ ಮಾಡಿ ಮನೆಗೆ ಬರುವಷ್ಟರಲ್ಲಿ ಸಂಜೆ 6 ದಾಟಿತ್ತು; ಮರುದಿನ, ಫೆಬ್ರವರಿ 22, ನಾಲ್ಕನೆಯ ಶನಿವಾರವಾದ್ದರಿಂದ ಬ್ಯಾಂಕಿಗೆ ರಜೆ; ಅದರ ಮರುದಿನ ಭಾನುವಾರ. ಮದುಮಗಳ ಒಡವೆ ಅವಳ ಮೈಮೇಲೆಯೇ ಅತ್ತೆಮನೆಗೆ ಹೋಯಿತು. ಅಕ್ಕನ ಎರಡೆಳೆ ಸರ, ನಾಲ್ಕು ಬಳೆ ಮತ್ತು ಜುಮುಕಿ ಮಾತ್ರ ಬೀರುವಿನಲ್ಲಿ ಉಳಿದವು. ಔತಣಕ್ಕೆ ಅವನ್ನು ಹಾಕಿಕೊಂಡು ಹೋಗುವ ಆಸೆ ಅವಳಿಗಿತ್ತು. ದಾರಿಯಲ್ಲಿ ಸರಗಳ್ಳರ ಕಾಟ, ಮನೆಯಲ್ಲಿದ್ದರೇ ಕ್ಷೇಮ ಎಂದು ಭಾವ ತಡೆದರು. 22 ಕ್ಯಾರೆಟ್ ಚಿನ್ನದ ಬೆಲೆ ಗ್ರಾಂಗೆ 8,000 ರೂಪಾಯಿ ದಾಟಿದ್ದ ದಿನಗಳವು.

ಭಾನುವಾರ ಬೆಳಿಗ್ಗೆ 8ಕ್ಕೆ ಎರಡು ಕಾರುಗಳಲ್ಲಿ ಎಲ್ಲರೂ ಹೊರಟರು. ರಾತ್ರಿಯೇ ಹಿಂತಿರುಗುವ ಯೋಚನೆಯಿತ್ತು, ಬೀಗರು ಬಿಡಲಿಲ್ಲ. ಹೊರಡುವ ಅವಸರದಲ್ಲಿ ಗೇಟಿನ ದೀಪವನ್ನು ಆರಿಸಿರಲಿಲ್ಲ, ಅದು ಹಗಲೆಲ್ಲ ಉರಿಯಿತು. ತಡವಾಗಿ ಬಂದ ಭಾನುವಾರದ ಪತ್ರಿಕೆ ಗೇಟಿನೊಳಗೆ ಬಿದ್ದೇ ಇತ್ತು. ಮೂರು ದಿನ ಬಣ್ಣದ ರಂಗೋಲಿ ಕಂಡಿದ್ದ ಅಂಗಳಕ್ಕೆ ಅಂದು ನೀರು ಕೂಡ ಬಿದ್ದಿರಲಿಲ್ಲ. ಇನ್ನು ಚಪ್ಪರ: ಶಾಮಿಯಾನದವರು ಅದನ್ನು ಸೋಮವಾರ ಬಿಚ್ಚುತ್ತೇವೆಂದಿದ್ದರು. ಅದರ ಪಕ್ಕದ ಬಟ್ಟೆ ಎದುರು ಮನೆಯವರಿಗೆ ನಮ್ಮ ಅಂಗಳ ಕಾಣದಂತೆ ಮರೆ ಮಾಡಿತ್ತು. ಅಷ್ಟೇ ಅಲ್ಲದೆ, ಮುಂಬಾಗಿಲ ಮೇಲಿನ ಕ್ಯಾಮೆರಾದ ಕಣ್ಣಿಗೂ ಅಡ್ಡ ನಿಂತಿತ್ತು. ಐದು ದಿನಗಳಿಂದ ಆ ಕ್ಯಾಮೆರಾ ಕೆಂಪು ಹಳದಿ ಬಟ್ಟೆಯನ್ನಷ್ಟೇ ನೋಡುತ್ತಿತ್ತು. ಬೀದಿ ನಾಯಿಗಳು ಆ ರಾತ್ರಿ ಬೊಗಳಲಿಲ್ಲವೆಂದು ಪಕ್ಕದ ಮನೆಯವರು ಆಮೇಲೆ ಆಶ್ಚರ್ಯಪಟ್ಟರು. ಮೂರು ದಿನ ಮದುವೆಯೂಟ ಉಂಡ ನಾಯಿಗಳಿಗೆ ಎದ್ದು ನಿಲ್ಲುವ ಮನಸ್ಸಿತ್ತೋ ಇಲ್ಲವೋ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ.

ಹಿತ್ತಿಲ ಬಾಗಿಲು

ಮುಂಬಾಗಿಲು ತೇಗದ್ದು. ಅದಕ್ಕೊಂದು ಏಳು ಲಿವರಿನ ಬೀಗ, ಅದರ ಹೊರಗೆ ಕಬ್ಬಿಣದ ಜಾಲರಿ ಬಾಗಿಲು, ಅದಕ್ಕೆ ಇನ್ನೊಂದು ಬೀಗ. ಕಳ್ಳರು ಇವುಗಳಲ್ಲಿ ಯಾವುದನ್ನೂ ಮುಟ್ಟಿರಲಿಲ್ಲ. ಮನೆಯ ಹಿಂದೆ 5 ಅಡಿ ಜಾಗದಲ್ಲಿ ಪಾತ್ರೆ ತೊಳೆಯುವ ಕಟ್ಟೆ, ಅದರಾಚೆ ನಾಲ್ಕೂವರೆ ಅಡಿಯ ಕಾಂಪೌಂಡು, ಅದರಾಚೆ ಪಾರ್ಥೇನಿಯಂ ಬೆಳೆದ ಖಾಲಿ ನಿವೇಶನ. ಬಾಡಿಗೆಗೆ ತಂದ ಕೊಪ್ಪರಿಗೆಯೊಂದನ್ನು ತೊಳೆದು ಗೋಡೆಗೆ ಒತ್ತಿ ಬೋರಲು ಹಾಕಿದ್ದರು. ಗೋಡೆ ಹತ್ತಿ ಬಂದವರಿಗೆ ಇಳಿಯಲು ಅದು ಮೆಟ್ಟಿಲಾಯಿತು. ಅದರ ತಳದ ಮೇಲೆ ಮಣ್ಣಿನ ಹೆಜ್ಜೆ ಮೂಡಿತ್ತು. ಅಮಾವಾಸ್ಯೆಗೆ ನಾಲ್ಕು ದಿನ ಉಳಿದಿದ್ದ ಕತ್ತಲು, ಹಿಂಬದಿಯಲ್ಲಿ ಒಂದು ದೀಪವೂ ಇರಲಿಲ್ಲ.

ಹಿತ್ತಿಲ ಬಾಗಿಲು ಫ್ಲಶ್ ಡೋರ್, ಅಂದರೆ ತೆಳು ಹಲಗೆ ಅಂಟಿಸಿ ಮಾಡಿದ ಸಪಾಟು ಬಾಗಿಲು. ಅದಕ್ಕೆ ಒಳಗಡೆ ಎರಡು ಚಿಲಕಗಳಿದ್ದವು. ಮಳೆಗಾಲದಲ್ಲಿ ಬಾಗಿಲು ಉಬ್ಬಿಕೊಂಡು ಮೇಲಿನ ಚಿಲಕ ರಂಧ್ರಕ್ಕೆ ಕೂರುತ್ತಿರಲಿಲ್ಲವಾದ್ದರಿಂದ ಎಷ್ಟೋ ವರ್ಷಗಳಿಂದ ಅದನ್ನು ಹಾಕುವುದನ್ನೇ ಬಿಟ್ಟಿದ್ದರು. ನಡುವಿನದು 6 ಇಂಚಿನ ಅಲ್ಯೂಮಿನಿಯಂ ಟವರ್ ಬೋಲ್ಟ್, ಅಂದರೆ ಸರಿಸಿ ಹಾಕುವ ಚಿಲಕ. ಸೋಮವಾರ ಬೆಳಿಗ್ಗೆ ನಾನು ಹೋಗಿ ನೋಡಿದಾಗ ಆ ಬೋಲ್ಟು ಬಾಗಿರಲಿಲ್ಲ, ಮುರಿದಿರಲಿಲ್ಲ, ಬಾಗಿಲಿನಲ್ಲಿ ಸ್ವಸ್ಥಾನದಲ್ಲಿಯೇ ಇತ್ತು. ಅದರ ತುದಿಯನ್ನು ಹಿಡಿದುಕೊಳ್ಳುವ ಚಿಕ್ಕ ಕೊಂಡಿ ಮಾತ್ರ ಚೌಕಟ್ಟಿನಿಂದ ಕಿತ್ತು ಬಂದು, 3 ಅಡಿ ದೂರದಲ್ಲಿ ಗ್ರೈಂಡರಿನ ಕೆಳಗೆ ಬಿದ್ದಿತ್ತು. ಮಹಜರು ಮುಗಿದ ಮೇಲೆ ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ಎರಡು ತಿರುಪುಗಳು ಕೊಂಡಿಯಲ್ಲಿ ಹಾಗೆಯೇ ಇದ್ದವು; ಒಂದೊಂದರ ಉದ್ದ ಅರ್ಧ ಇಂಚು; ಅವುಗಳ ಎಳೆಗಳ ಸಂದಿನಲ್ಲಿ ಮತ್ತಿ ಮರದ ಕೆಂಗಂದು ಹುಡಿ ತುಂಬಿಕೊಂಡಿತ್ತು. ಚೌಕಟ್ಟಿನ ಮರ ಸೀಳಿರಲಿಲ್ಲ. ತಿರುಪು ಜಾರಿ ಹೊರಗೆ ಬಂದಿತ್ತು, ಅಷ್ಟೇ. ಸಂದಿಗೆ ಒಂದು ಗಡಾರಿ ಕೊಟ್ಟು ಒಮ್ಮೆ ಮೀಟಿದ್ದರೆ ಸಾಕಾಗಿರುತ್ತದೆ.

ಆ ಕೊಂಡಿಯನ್ನು 1998ರಲ್ಲಿ ಬಡಗಿ ಕೂರಿಸುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬೋಲ್ಟಿನ ಪೊಟ್ಟಣದಲ್ಲಿ ಏನು ತಿರುಪು ಬರುತ್ತದೋ ಅದನ್ನೇ ಹಾಕುವುದು ಅಂದಿನ ರೂಢಿ, ಇಂದಿನದೂ ಅದೇ. ಅದಾದ ಮೇಲೆ ನಾನು ಕಟ್ಟಿಸಿದ ಮನೆಗಳೆಷ್ಟೋ. ಮುಂಬಾಗಿಲಿನ ಕೆತ್ತನೆಯ ಬಗ್ಗೆ ವಾರಗಟ್ಟಲೆ ಚರ್ಚಿಸಿದ ಮಾಲೀಕರಲ್ಲಿ ಒಬ್ಬರೂ ಹಿತ್ತಿಲ ಬಾಗಿಲ ತಿರುಪಿನ ಉದ್ದ ಕೇಳಿದವರಲ್ಲ, ನಾನೂ ಹೇಳಿದವನಲ್ಲ. ನಮ್ಮೂರಿನ ತೊಟ್ಟಿಮನೆಯಲ್ಲಿ ಕದಕ್ಕೆ ಅಗುಳಿ ಇತ್ತು. ತೋಳಿನಷ್ಟು ದಪ್ಪದ ಆ ಮರದ ತೊಲೆ ಎರಡೂ ಬದಿಯ ಗೋಡೆಯೊಳಗೆ ಮೊಳದಷ್ಟು ಸೇರಿಕೊಳ್ಳುತ್ತಿತ್ತು. ಹೊರಗಿನಿಂದ ದೂಡಿದ ಭಾರವನ್ನೆಲ್ಲ ಗೋಡೆ ಹೊರುತ್ತಿತ್ತೇ ಹೊರತು ಮರಕ್ಕೆ ಹೊಡೆದ ಮೊಳೆ ಹೊರುತ್ತಿರಲಿಲ್ಲ. ಆ ತತ್ವ ನನಗೆ ಚಿಕ್ಕಂದಿನಿಂದ ಗೊತ್ತಿತ್ತು, ಆದರೆ ಕಸುಬಿಗೆ ಬಂದ ಮೇಲೆ ಅದು ಹಳ್ಳಿಯ ಹಳೆ ಪದ್ಧತಿಯಾಗಿ ಕಂಡಿತು.

ಒಳಗೆ ನಡೆದದ್ದನ್ನು ಬೇಗ ಹೇಳಬಹುದು. ಟಿ.ವಿ. ಕೆಳಗಿನ ಗಾಜಿನ ಕಪಾಟಿನಲ್ಲಿದ್ದ, ಕ್ಯಾಮೆರಾದ ಚಿತ್ರ ದಾಖಲಿಸುವ ಡಿ.ವಿ.ಆರ್. ಪೆಟ್ಟಿಗೆಯನ್ನು ತಂತಿ ಕತ್ತರಿಸಿ ಹೊತ್ತೊಯ್ದಿದ್ದರು. ಬಟ್ಟೆಯನ್ನಷ್ಟೇ ನೋಡಿದ್ದ ಕ್ಯಾಮೆರಾದ ದಾಖಲೆಯೂ ಹಾಗೆ ಇಲ್ಲವಾಯಿತು. ಬೀರುವಿನ ಬೀಗದ ಕೈ ಅದೇ ಕೋಣೆಯ ಹಾಸಿಗೆಯ ಕೆಳಗಿತ್ತು. ಹಾಸಿಗೆ ಮಗುಚಿದವರಿಗೆ ಅದು ಸಿಕ್ಕಿತು, ಬೀರುವಿನ ಮೇಲೆ ಒಂದು ಗೀರೂ ಬೀಳಲಿಲ್ಲ. ಮುಯ್ಯಿ ಹಣವಿದ್ದ ಸ್ಟೀಲ್ ಡಬ್ಬ ಖಾಲಿಯಾಗಿ ಮಂಚದ ಮೇಲಿತ್ತು, ಮುಯ್ಯಿ ಬರೆದ ನೋಟ್‌ಬುಕ್ಕು ನೆಲದ ಮೇಲೆ ಬಿದ್ದಿತ್ತು. ಆ ಪುಸ್ತಕದಿಂದಾಗಿಯೇ ಹೋದ ಹಣ 1,38,500 ರೂಪಾಯಿ ಎಂದು ಪೊಲೀಸರಿಗೆ ನಿಖರವಾಗಿ ಹೇಳಲು ಸಾಧ್ಯವಾಯಿತು.

ದೂರು, ಮಹಜರು, ಅನುಮಾನ

ಸೋಮವಾರ ಬೆಳಿಗ್ಗೆ 10ರ ಸುಮಾರಿಗೆ ಮನೆಗೆ ಬಂದವರು 112ಕ್ಕೆ ಕರೆ ಮಾಡಿದ್ದು ಅರ್ಧ ಗಂಟೆಯ ನಂತರ. ಆ ಅರ್ಧ ಗಂಟೆಯಲ್ಲಿ ಅಕ್ಕ ಬೀರುವಿನ ಪ್ರತಿ ಖಾನೆಯನ್ನೂ ತಡಕಿದ್ದಳು, ನೆಂಟರೊಬ್ಬರು ಚೆಲ್ಲಿದ್ದ ಬಟ್ಟೆಗಳನ್ನು ಮಡಿಸಿಟ್ಟಿದ್ದರು, ಪಕ್ಕದ ಮನೆಯವರು ಪಾಪ ಎಂದು ಅಡಿಗೆಮನೆಯ ಮಣ್ಣು ಗುಡಿಸಿದ್ದರು. ಇದರಲ್ಲಿ ಯಾರದ್ದೂ ದುರುದ್ದೇಶವಿರಲಿಲ್ಲ. ಕದಡಿದ ಮನೆಯನ್ನು ಕಂಡಾಗ ಕೈ ತಾನಾಗಿಯೇ ಸರಿಪಡಿಸಲು ಹೋಗುತ್ತದೆ. ಬೆರಳಚ್ಚು ತಜ್ಞರು ಬಂದಾಗ ಬೀರುವಿನ ಮೇಲೆ ಮನೆಯವರ ಗುರುತುಗಳೇ ತುಂಬಿದ್ದವು. ಯಾರೂ ಮುಟ್ಟದೆ ಉಳಿದಿದ್ದ ಜಾಗ ಡಿ.ವಿ.ಆರ್. ಇದ್ದ ಕಪಾಟಿನ ಗಾಜೊಂದೇ. ಅಲ್ಲಿ ಹೊರಗಿನವರ ಒಂದು ಸ್ಪಷ್ಟವಾದ ಗುರುತು ಸಿಕ್ಕಿತು. ಶ್ವಾನದಳದ ನಾಯಿ ಖಾಲಿ ನಿವೇಶನ ದಾಟಿ ಮುಖ್ಯರಸ್ತೆಯವರೆಗೆ ಓಡಿ ಅಲ್ಲಿ ನಿಂತುಬಿಟ್ಟಿತು.

ಭಾರತೀಯ ನ್ಯಾಯ ಸಂಹಿತೆಯ 331(4) ಮತ್ತು 305ನೆಯ ಕಲಮುಗಳಡಿ ಪ್ರಕರಣ ದಾಖಲಾಯಿತು. 2024ರ ಜೂನ್ 30ರವರೆಗೆ ಜಾರಿಯಲ್ಲಿದ್ದ ದಂಡ ಸಂಹಿತೆಯಲ್ಲಿ 457 ಮತ್ತು 380 ಎನ್ನುತ್ತಿದ್ದವೇ ಇವು. ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಕಳವಿಗಾಗಿ ಮನೆ ಮುರಿದು ನುಗ್ಗಿದರೆ 14 ವರ್ಷಗಳವರೆಗೂ, ವಾಸದ ಮನೆಯಲ್ಲಿ ಕಳವು ಮಾಡಿದರೆ 7 ವರ್ಷಗಳವರೆಗೂ ಶಿಕ್ಷೆ ವಿಧಿಸಲು ಅವಕಾಶವಿದೆ. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕೆಂಬುದು ತನಿಖೆ, ವಿಚಾರಣೆಗಳ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಲ್ಲಿದೆ, ಭಾವನಿಗೆ ಅದೇ ದಿನ ಅದು ಸಿಕ್ಕಿತು. ತನಿಖೆ ಎಲ್ಲಿಗೆ ಬಂದಿದೆ ಎಂಬುದನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆಂದು ಅದೇ ಸಂಹಿತೆಯ 193ನೆಯ ಕಲಮು ಹೇಳುತ್ತದೆ. ಮೇ ತಿಂಗಳ ಮಧ್ಯದಲ್ಲಿ ಠಾಣೆಯಿಂದ ಒಂದು ಸಂದೇಶ ಬಂತು: ತನಿಖೆ ಮುಂದುವರಿದಿದೆ.

ಈ ನಡುವೆ ನಡೆದ ಒಂದು ಸಂಗತಿ ಮನೆ ಕಳವಿಗಿಂತ ಹೆಚ್ಚು ಕಸಿವಿಸಿ ಉಂಟುಮಾಡಿದೆ. ಹಿತ್ತಿಲ ಬಾಗಿಲಿನ ಮೇಲಿನ ಚಿಲಕ ಕೆಲಸ ಮಾಡುವುದಿಲ್ಲವೆಂಬುದು ಹೊರಗಿನವರಿಗೆ ಹೇಗೆ ಗೊತ್ತು ಎಂಬ ಪ್ರಶ್ನೆಯನ್ನು ಮಹಜರಿನ ಹೊತ್ತಿನಲ್ಲಿ ನಮ್ಮ ನೆಂಟರೊಬ್ಬರು ಎತ್ತಿದರು. ಹನ್ನೊಂದು ವರ್ಷಗಳಿಂದ ಮನೆಗೆಲಸ ಮಾಡುತ್ತಿದ್ದ ಹೆಂಗಸಿನ ಹೆಸರನ್ನೂ, ಶಾಮಿಯಾನ ಕಟ್ಟಲು ಬಂದಿದ್ದ ಹುಡುಗನ ಹೆಸರನ್ನೂ ಅವರೇ ಹೇಳಿದರು. ಅಕ್ಕ ಭಾವ ಸುಮ್ಮನಿದ್ದರು, ನಾನೂ ಸುಮ್ಮನಿದ್ದೆ. ಇಬ್ಬರನ್ನೂ ಎರಡು ದಿನ ಠಾಣೆಗೆ ಕರೆಸಿ ವಿಚಾರಿಸಿದರು. ಗಡಾರಿ ಹಿಡಿದು ಬಂದವನಿಗೆ ಯಾವ ಚಿಲಕ ಹಾಕಿದೆ, ಯಾವುದು ಹಾಕಿಲ್ಲ ಎಂದು ಮೊದಲೇ ತಿಳಿದಿರಬೇಕಾದ ಅಗತ್ಯವೇ ಇರಲಿಲ್ಲ. ಆ ಕೊಂಡಿಯನ್ನು ಕೈಯಲ್ಲಿ ಹಿಡಿದು ನೋಡಿದ್ದ ನಾನು ಅದನ್ನು ಅಂದೇ ಪೊಲೀಸರಿಗೆ ಹೇಳಬಹುದಾಗಿತ್ತು.

ಜುಲೈನಲ್ಲಿ ಬೇರೆ ಜಿಲ್ಲೆಯ ಕಳವಿನ ಪ್ರಕರಣವೊಂದರಲ್ಲಿ ಮೂವರು ಸಿಕ್ಕಿಬಿದ್ದರು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ 2022ರಿಂದ ನಡೆಸುತ್ತಿರುವ ನಫೀಸ್ ಎಂಬ ಗಣಕೀಕೃತ ಬೆರಳಚ್ಚು ವ್ಯವಸ್ಥೆಯಲ್ಲಿ ಅವರಲ್ಲೊಬ್ಬನ ಗುರುತು ನಮ್ಮ ಗಾಜಿನ ಮೇಲಿನ ಗುರುತಿಗೆ ತಾಳೆಯಾಯಿತು. ಮದುವೆಯ ದಿನಗಳಲ್ಲಿ ಹಗಲು ಬೈಕಿನಲ್ಲಿ ಬಡಾವಣೆಗಳನ್ನು ಸುತ್ತಿ, ಚಪ್ಪರವಿದ್ದು ಬೀಗ ಬಿದ್ದಿರುವ ಮನೆಗಳನ್ನು ಗುರುತಿಟ್ಟುಕೊಳ್ಳುತ್ತಿದ್ದರು ಎಂದು ದೋಷಾರೋಪ ಪಟ್ಟಿಯಲ್ಲಿದೆ. ಅದು ನ್ಯಾಯಾಲಯದಲ್ಲಿ ರುಜುವಾತಾಗಬೇಕು. ಮನೆಗೆಲಸದಾಕೆಗಾಗಲಿ ಆ ಹುಡುಗನಿಗಾಗಲಿ ಇದರಲ್ಲಿ ಯಾವ ಸಂಬಂಧವೂ ಇರಲಿಲ್ಲ. ಅಕ್ಕ ಅವಳ ಮನೆಗೆ ಹೋಗಿ ಬಂದಳು. ಆಕೆ ಕಾಫಿ ಕೊಟ್ಟು, ಮಗಳು ಅತ್ತೆಮನೆಯಲ್ಲಿ ಚೆನ್ನಾಗಿದ್ದಾಳೆಯೇ ಎಂದು ವಿಚಾರಿಸಿ, "ಬೇರೆ ಎರಡು ಮನೆ ಹಿಡಿದಿದೀನಿ ಕಣಕ್ಕ, ಪುರುಸೊತ್ತಿಲ್ಲ" ಎಂದಳಂತೆ.

ಹೋದ 86 ಗ್ರಾಂನಲ್ಲಿ ಎರಡು ಬಳೆಗಳೂ ಕರಗಿಸಿದ 14 ಗ್ರಾಂ ಗಟ್ಟಿಯೂ ಪತ್ತೆಯಾದವು. ಒಂದು ಬಳೆ 2024ರಲ್ಲಿ ಕೊಂಡದ್ದು. ಅದರ ಮೇಲಿನ ಹಾಲ್‌ಮಾರ್ಕಿನ ಆರು ಅಕ್ಷರ-ಅಂಕೆಗಳ ಗುರುತು ಸಂಖ್ಯೆ ರಸೀದಿಯಲ್ಲಿದ್ದುದರಿಂದ ವಾದವೇ ಇರಲಿಲ್ಲ. ಇನ್ನೊಂದು ಹಳೆಯದು, ರಸೀದಿಯಿಲ್ಲ. ಧಾರೆಯ ಹೊತ್ತಿನಲ್ಲಿ ಮದುವೆಯ ಛಾಯಾಗ್ರಾಹಕ ಅಕ್ಕನ ಕೈಯನ್ನು ಹತ್ತಿರದಿಂದ ತೆಗೆದಿದ್ದ ಚಿತ್ರದಲ್ಲಿ ಆ ಬಳೆಯ ಮೇಲಿನ ಬೆಸುಗೆಯ ಕಲೆ ಕಾಣುತ್ತಿತ್ತು, ಅದೇ ಸಾಕ್ಷಿಯಾಯಿತು. ವಿಚಾರಣೆ ಮುಗಿಯುವವರೆಗೆ ಒಡವೆ ಠಾಣೆಯ ಕಪಾಟಿನಲ್ಲಿಯೇ ಇರಬೇಕಾಗಿಲ್ಲ. ಛಾಯಾಚಿತ್ರ, ಪಂಚನಾಮೆ ಮತ್ತು ಮುಚ್ಚಳಿಕೆ ಪಡೆದು ಮಾಲೀಕರಿಗೆ ಬೇಗ ಒಪ್ಪಿಸಬೇಕೆಂದು ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿಯೇ ಹೇಳಿದೆ. ಅದನ್ನು ಆಧರಿಸಿ ವಕೀಲರು ಅರ್ಜಿ ಹಾಕಿದರು, ಬಳೆಗಳು ಕೈಗೆ ಬಂದವು. ಕರಗಿದ ಗಟ್ಟಿ ಯಾರದೆಂಬುದು ತೀರ್ಮಾನವಾಗಿಲ್ಲ.

ವಿಮೆಯ ಕಥೆ ಚಿಕ್ಕದು. ಮಹಡಿ ಕಟ್ಟಲು ಸಾಲ ಪಡೆದಾಗ ಭಾರತ್ ಗೃಹ ರಕ್ಷಾ ಮಾದರಿಯ ಪಾಲಿಸಿ ಮಾಡಿಸಿದ್ದರು. ಹೆಸರಿನಲ್ಲಿ ರಕ್ಷೆಯಿದ್ದುದರಿಂದ ಕಳವೂ ಅದರಲ್ಲಿ ಸೇರಿದೆ ಎಂದೇ ಭಾವ ನಂಬಿದ್ದರು. ಬೆಂಕಿ, ಪ್ರವಾಹ, ಭೂಕಂಪದಂಥ ಅವಘಡ ನಡೆದು, ಅದರ ದೆಸೆಯಿಂದ 7 ದಿನಗಳೊಳಗೆ ಆದ ಕಳವಿಗೆ ಮಾತ್ರ ಆ ಪಾಲಿಸಿ ಅನ್ವಯಿಸುತ್ತದೆ. ಬೀಗ ಮುರಿದು ಮಾಡುವ ಕಳವಿಗೆ ಬೇರೆ ವಿಮೆ ಬೇಕು, ಒಡವೆಗೆ ಪ್ರತ್ಯೇಕವಾಗಿ ಹೆಚ್ಚಿನ ಕಂತು ಕಟ್ಟಿರಬೇಕು. ಭಾವ ಪಾಲಿಸಿಯ ಕಾಗದವನ್ನು ಪೂರ್ತಿ ಓದಿದ್ದು ಕಳವಾದ ಮೂರನೆಯ ದಿನ.

ಆಮೇಲೆ ಮಾಡಿದ್ದು

ಹೊಸ ಕ್ಯಾಮೆರಾಗಳನ್ನು ಹಾಕಿಸಬೇಕೆಂಬುದು ಭಾವನ ಮೊದಲ ಮಾತಾಗಿತ್ತು. ಕ್ಯಾಮೆರಾ ಕಳ್ಳನನ್ನು ನೋಡುತ್ತದೆ, ತಡೆಯುವುದಿಲ್ಲ ಎಂದು ನಾನು ಹಟ ಹಿಡಿದು ಬಾಗಿಲಿನಿಂದಲೇ ಕೆಲಸ ಶುರು ಮಾಡಿಸಿದೆ. ಹಿತ್ತಿಲ ಬಾಗಿಲಿಗೆ ಒಳಗಡೆ 40 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಕಬ್ಬಿಣದ ಅಡ್ಡಪಟ್ಟಿ ಬಂತು. ಅದು ಕೂರುವ ಎರಡು ಕೊಕ್ಕೆಗಳನ್ನು ಮರಕ್ಕೆ ಹೊಡೆಯದೆ, ಚೌಕಟ್ಟಿನ ಆಚೀಚಿನ ಇಟ್ಟಿಗೆ ಗೋಡೆಗೇ 10 ಮಿ.ಮೀ. ಆಂಕರ್ ಬೋಲ್ಟುಗಳಿಂದ ಬಿಗಿಸಿದೆವು. ತೊಟ್ಟಿಮನೆಯ ಅಗುಳಿಯೇ ಕಬ್ಬಿಣದ ರೂಪದಲ್ಲಿ ಬಂದಂತಾಯಿತು. ಕೂಲಿ ಸೇರಿ 3,800 ರೂಪಾಯಿ ಆಯಿತು. ಮುಂಬಾಗಿಲಿನ ಬೀಗಗಳೆರಡಕ್ಕೆ ಹಿಂದೆ ಕೊಟ್ಟ ಹಣ ಇದಕ್ಕಿಂತ ಜಾಸ್ತಿ. ಉಳಿದ ಬಾಗಿಲುಗಳ ಚಿಲಕದ ತಿರುಪುಗಳನ್ನೆಲ್ಲ ಬಿಚ್ಚಿ 2 ಇಂಚಿನವನ್ನು ಹಾಕಿಸಿದೆ. ತಾರಸಿಗೆ ಹೋಗುವ ಮೆಟ್ಟಿಲಿನ ಮೇಲ್ತುದಿಯ ಬಾಗಿಲನ್ನು ಆಗಲೇ ಪರೀಕ್ಷಿಸಿದ್ದು: ಅದರ ಕೊಂಡಿಗೆ ಇದ್ದದ್ದು ಒಂದೇ ತಿರುಪು.

ಇದೆಲ್ಲ ಆದ ಮೇಲೆ ಕ್ಯಾಮೆರಾದ ಸರದಿ. ಹಿಂಬದಿಗೆ ಒಂದನ್ನು ಹಾಕಿಸಿ, ಚಿತ್ರಗಳು ಮನೆಯ ಹೊರಗಿನ ಸರ್ವರಿನಲ್ಲೂ ಉಳಿಯುವಂತೆ ಮಾಡಿ, ಡಿ.ವಿ.ಆರ್. ಪೆಟ್ಟಿಗೆಯನ್ನು ಅಟ್ಟದ ಮೇಲಕ್ಕೆ ಸಾಗಿಸಿದರು. ಯಾರಾದರೂ ಓಡಾಡಿದರೆ ತಾನಾಗಿ ಹೊತ್ತಿಕೊಳ್ಳುವ ದೀಪ ಪಾತ್ರೆ ಕಟ್ಟೆಯ ಮೇಲೆ ಬಂತು. ಬೆಕ್ಕು ಓಡಾಡಿದಾಗಲೂ ಅದು ಹೊತ್ತಿಕೊಳ್ಳುತ್ತದೆ ಎಂಬುದು ಅಕ್ಕನ ದೂರು. ಎರಡು ದಿನಕ್ಕೂ ಹೆಚ್ಚು ಕಾಲ ಊರಿಗೆ ಹೋಗುವುದಾದರೆ ಠಾಣೆಗೆ ತಿಳಿಸಿ ಹೋಗುತ್ತಾರೆ, ಗಸ್ತಿನವರು ರಾತ್ರಿ ಒಮ್ಮೆ ಬಂದು ನೋಡುತ್ತಾರೆ. ಅದಕ್ಕಿಂತಲೂ ಪ್ರಯೋಜನವಾಗಿರುವುದು ಎದುರು ಮನೆಯವರೊಂದಿಗೆ ಮಾಡಿಕೊಂಡ ಒಪ್ಪಂದವೆಂದು ನನ್ನ ಎಣಿಕೆ: ಇವರು ಊರಲ್ಲಿಲ್ಲದಾಗ ಅವರು ಬಂದು ಅಂಗಳಕ್ಕೆ ನೀರು ಹಾಕಿ ರಂಗೋಲಿ ಎಳೆದು ಪತ್ರಿಕೆ ಎತ್ತಿಕೊಳ್ಳುತ್ತಾರೆ, ಅವರಿಲ್ಲದಾಗ ಇವರು. ಬೀರುವಿನ ಬೀಗದ ಕೈ ಈಗ ಎಲ್ಲಿರುತ್ತದೆಂಬುದು ನನಗೂ ಗೊತ್ತಿಲ್ಲ, ಕೇಳಿಯೂ ಇಲ್ಲ.

ಮದುವೆಯ ವಿಷಯದಲ್ಲಿ ನಮ್ಮ ಬಂಧುಗಳಲ್ಲಿ ಎರಡು ಪದ್ಧತಿಗಳು ಬದಲಾಗಿವೆ. ಔತಣದ ದಿನ ಮನೆಯಲ್ಲಿ ಇಬ್ಬರಾದರೂ ಉಳಿಯುತ್ತಾರೆ, ಅವರ ಪಾಲಿನ ಊಟವನ್ನು ಕ್ಯಾರಿಯರಿನಲ್ಲಿ ತಂದುಕೊಡುತ್ತಾರೆ. ಮುಹೂರ್ತ ಯಾವ ವಾರ ಬಂದರೂ ಮರುದಿನ ಬ್ಯಾಂಕು ತೆರೆದಿರುತ್ತದೆಯೇ ಎಂದು ಕ್ಯಾಲೆಂಡರು ನೋಡಿಕೊಳ್ಳುತ್ತಾರೆ. ಲಾಕರಿಗೂ ಮಿತಿಯಿದೆ, ಬ್ಯಾಂಕಿನಲ್ಲೇ ಕಳವಾದರೂ ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿಗೆ ಸೀಮಿತವೆಂದು ನಾನು ಹೇಳಿದೆ. ಹಾಸಿಗೆಯ ಕೆಳಗಿನ ಬೀಗದ ಕೈಗಿಂತ ವಾಸಿಯಲ್ಲವೇ ಎಂದಳು ಅಕ್ಕ.

ಹಣದಲ್ಲಿ ಒಂದು ರೂಪಾಯಿಯೂ ವಾಪಸು ಬರಲಿಲ್ಲ. ಆದರೆ ಪೊಲೀಸರು ನೋಡಿ ಹಿಂದಿರುಗಿಸಿದ ಆ ಮುಯ್ಯಿ ಪುಸ್ತಕ ಭಾವನ ಮೇಜಿನ ಸೆಳೆಖಾನೆಯಲ್ಲಿದೆ. ಯಾರ ಮನೆಯ ಮದುವೆ ಕರೆ ಬಂದರೂ ಅವರು ಕನ್ನಡಕ ಹಾಕಿಕೊಂಡು ಆ ಹೆಸರನ್ನು ಹುಡುಕಿ, ಅಂದು ಬಂದಿದ್ದ ಮೊತ್ತದ ಮೇಲೆ ಇನ್ನೊಂದಿಷ್ಟು ಸೇರಿಸಿ ಕವರಿಗೆ ಹಾಕಿ, ಪುಸ್ತಕದಲ್ಲಿ ಆ ಸಾಲಿನ ಮುಂದೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತಾರೆ. ಗೆರೆ ಬೀಳದ ಹೆಸರುಗಳು ಇನ್ನೂ ಒಂಬತ್ತು ಪುಟಗಳಷ್ಟಿವೆ.